ಬಿಳಿ ತಂತಿಯ ಮನೆಗಳು

ಸಂಜೆಯಾಗುತ್ತಲೇ ಆ ಬೀದಿಯಲ್ಲಿ ಒಂದೊಂದೇ ಮನೆಗೆ ದೀಪ ಹತ್ತುತ್ತಿತ್ತು. ಮೊದಲು ಬೇಕರಿಯವನ ಮನೆ, ಆಮೇಲೆ ಹೊಲಿಗೆಯವಳ ಮನೆ, ಆಮೇಲೆ ಮೂಲೆಯ ಸೈಕಲ್ ರಿಪೇರಿಯವನ ಮನೆ. ನಡುವೆ ಇಸ್ತ್ರಿಯವರ ಮನೆಯೊಂದು ಮಾತ್ರ ಉದುರಿದ ಹಲ್ಲಿನ ಜಾಗದ ಹಾಗೆ ಕಪ್ಪಗೆ ಉಳಿಯುತ್ತಿತ್ತು.

ಕರೆಂಟ್ ಬಾರದ ಮನೆಯಲ್ಲ ಅದು. ಕಂಬ ಬಾಗಿಲ ಎದುರಿಗೇ ಇತ್ತು. ಮೀಟರು ಗೋಡೆಯ ಮೇಲಿತ್ತು. ಫ್ಯೂಸು ಮಾತ್ರ ಇರಲಿಲ್ಲ. ವರ್ಷದ ಹಿಂದೆ ಆ ಮನೆಯ ಮುದುಕಿ ಅದನ್ನು ಕಿತ್ತು ಚರಂಡಿಗೆ ಎಸೆದಿದ್ದಳು.

"ನನ್ನ ಮಗನ್ನ ತಿಂದದ್ದು ನನ್ನ ಮನೇಲಿ ಬೇಡ" ಎಂದಿದ್ದಳು.

ಅಂದಿನಿಂದ ಅತ್ತೆ, ಸೊಸೆ ಇಬ್ಬರೂ ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲೇ ಬಟ್ಟೆ ತಿಕ್ಕುತ್ತಿದ್ದರು. ಒಂದೇ ಮೇಜು. ಆ ತುದಿಗೆ ಅತ್ತೆ, ಈ ತುದಿಗೆ ಸೊಸೆ. ನಡುವೆ ಬಟ್ಟೆಯ ಗುಡ್ಡ. ಆ ಗುಡ್ಡ ಕರಗಿ ಇಬ್ಬರ ಮುಖ ಇಬ್ಬರಿಗೂ ಕಾಣುವ ಹೊತ್ತಿಗೆ ಅತ್ತೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ತೀರಿಹೋದ ಆ ಮಗ ಎಲೆಕ್ಟ್ರಿಷಿಯನ್. ಶಾಲೆ ಬಿಟ್ಟವನೇ ಒಬ್ಬ ಕಂಟ್ರಾಕ್ಟರನ ಹಿಂದೆ ಏಣಿ ಹೊತ್ತ. ಅಲ್ಲಿಯ ಕೆಲಸದವರು ಮಾಡಿದ್ದನ್ನು ನೋಡಿ ನೋಡಿ, ಒಂದು ಮಳೆಗಾಲ ಮುಗಿಯುವುದರೊಳಗೆ ತಾನೇ ಬೋರ್ಡು ಕೂರಿಸುವಷ್ಟು ಕಲಿತ. ಕೈ ಬಹಳ ಚೊಕ್ಕ. ಅವನು ಎಳೆದ ತಂತಿ ನೂಲು ಹಿಡಿದ ಹಾಗೆ ನೇರ. ಆ ಬೀದಿಯ ಜನಕ್ಕೆ ಒಂದು ಆಸೆಯಿತ್ತು. ಸುಣ್ಣ ಬಳಿದ ಗೋಡೆಯ ಮೇಲೆ ಕೆಂಪು ತಂತಿ, ಕರಿ ತಂತಿ ಹರಿದರೆ ಗಾಯದ ಹೊಲಿಗೆಯ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಅದಕ್ಕೇ ಅವನು ಬರೀ ಬಿಳಿ ತಂತಿ ತರುತ್ತಿದ್ದ. ಗೋಡೆಯೂ ಬಿಳಿ, ತಂತಿಯೂ ಬಿಳಿ. "ಇವನ ವೈರಿಂಗು ಇದೆಯೋ ಇಲ್ಲವೋ ಅಂತಲೇ ಗೊತ್ತಾಗಲ್ಲ" ಎಂದು ಹೊಗಳಿ, ಬೀದಿಯ ಮುಕ್ಕಾಲು ಮನೆಯವರು ಅವನನ್ನೇ ಕರೆದರು.

ಒಂದು ಮಧ್ಯಾಹ್ನ ಇಸ್ತ್ರಿ ಕೋಣೆಯ ಬಲ್ಬು ಮಿಣುಕತೊಡಗಿತು. ಬಟ್ಟೆಗೆ ನೀರು ಚಿಮುಕಿಸಿ ಚಿಮುಕಿಸಿ ಆ ನೆಲ ಯಾವಾಗಲೂ ಒದ್ದೆ. ಅವನು ಕಬ್ಬಿಣದ ಸ್ಟೂಲು ಎಳೆದುಕೊಂಡು ಹತ್ತಿದ. "ಸ್ವಿಚ್ ಆರಿಸೇ" ಎಂದ. ಹೆಂಡತಿ ಆರಿಸಿದಳು. ಬಲ್ಬು ಆರಿತು. ಅವನು ಬಲ್ಬು ಬಿಚ್ಚಿ ಕೆಳಗೆ ಕೊಟ್ಟ, ಹೋಲ್ಡರಿಗೆ ಕೈ ಹಾಕಿದ. ಆಮೇಲೆ ಕೇಳಿದ್ದು ಸ್ಟೂಲು ಬಿದ್ದ ಸದ್ದು.

ಅವಳು ಕಿರುಚಿಕೊಂಡು ಸ್ವಿಚ್ ಬೋರ್ಡಿಗೆ ಓಡಿದಳು. ಆರಿಸಿದ್ದೆನೋ ಇಲ್ಲವೋ ಎಂದು ಕೈ ಇಟ್ಟಳು. ಮೇಲೆ ಒತ್ತಿದಳೋ ಕೆಳಗೆ ಒತ್ತಿದಳೋ, ದೇವರೇ ಬಲ್ಲ. ಹಿತ್ತಲಿನಿಂದ ಓಡಿಬಂದ ಅತ್ತೆಗೆ ಕಂಡದ್ದು ಎರಡೇ: ನೆಲದ ಮೇಲೆ ಮಗ, ಸ್ವಿಚ್ಚಿನ ಮೇಲೆ ಸೊಸೆಯ ಕೈ.

"ನೀನೇ ಹಾಕಿದೆ."

ಅಂದು ಹುಟ್ಟಿದ ಮಾತು ಆ ಮನೆಯೊಳಗೇ ಉಳಿಯಲಿಲ್ಲ. ಅತ್ತೆ ನಲ್ಲಿಯ ಬಳಿ ಹೇಳಿದಳು, ಅಂಗಡಿಯಲ್ಲಿ ಹೇಳಿದಳು, ಬಟ್ಟೆ ತಂದವರಿಗೆಲ್ಲ ಹೇಳಿದಳು. ಸೊಸೆ ಒಮ್ಮೆಯೂ ಇಲ್ಲ ಎನ್ನಲಿಲ್ಲ. ಯಾಕೆಂದರೆ ಅವಳಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಆರಿಸಿದ್ದೆ ಅನ್ನಿಸುತ್ತಿತ್ತು. ಮಧ್ಯಾಹ್ನ ಬಂದರೆ, ಆರಿಸಿದ್ದರೆ ಅವರು ಯಾಕೆ ಸಾಯುತ್ತಿದ್ದರು ಅನ್ನಿಸುತ್ತಿತ್ತು. ತನ್ನ ಬಲಗೈಯನ್ನು ತಾನೇ ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದಳು, ಪಾಪ.

ಆ ಮನೆಗೆ ವಾರಕ್ಕೊಮ್ಮೆ ಒಬ್ಬ ಹೆಂಗಸು ಬರುತ್ತಿದ್ದಳು. ಬಸ್ ನಿಲ್ದಾಣದ ಆಚೆ ಎಲೆಕ್ಟ್ರಿಷಿಯನ್ ತರಬೇತಿ ಕೇಂದ್ರವಿದೆಯಲ್ಲ, ಅಲ್ಲಿ ಪಾಠ ಮಾಡುವವಳು. ಅದಕ್ಕೂ ಮೊದಲು ವರ್ಷಗಟ್ಟಲೆ ಏಣಿ ಹತ್ತಿ ದುಡಿದವಳು. ತಪ್ಪು ಕಂಡರೆ ಥಟ್ಟನೆ ಸಿಟ್ಟು, ಆಮೇಲೆ ಏನೂ ಇಲ್ಲ. ಅದಕ್ಕೇ ವಿದ್ಯಾರ್ಥಿಗಳು ಅವಳನ್ನು ಫ್ಯೂಸಮ್ಮ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ವಿದ್ಯಾರ್ಥಿಗಳ ನೀಲಿ ಕೋಟುಗಳನ್ನು ಗಂಟು ಕಟ್ಟಿ ಇಸ್ತ್ರಿಗೆ ತರುತ್ತಿದ್ದಳು.

ಒಂದು ದಿನ ಫ್ಯೂಸಮ್ಮ ಒಂದು ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದೇನಮ್ಮಾ, ಬೆನ್ನ ಮೇಲೆ ನಕ್ಷತ್ರ ಮೂಡಿಬಿಟ್ಟಿದೆ?"

"ಕೆಂಡ ಸಿಡೀತು ಅಕ್ಕಾ. ಕೂಲಿಯಲ್ಲಿ ಹಿಡ್ಕೊಳ್ಳಿ" ಎಂದಳು ಸೊಸೆ ತಲೆ ಎತ್ತದೆ.

"ಹಿಡ್ಕೊಳ್ಳೋದು ಇರಲಿ. ಕರೆಂಟಿಂದ ಸುಟ್ಕೋಬೇಡಿ ಅಂತ ನಾನು ಗಂಟಲು ಹರ್ಕೊಂಡು ಪಾಠ ಮಾಡ್ತೀನಿ, ನೀವು ಇಲ್ಲಿ ಕೆಂಡದಲ್ಲಿ ಸುಟ್ಟು ಕಳಿಸ್ತೀರಿ. ಆ ಹುಡುಗರು ಬದುಕೋದು ಹೇಗೆ?"

ಸೊಸೆಗೆ ನಗು ಬಂತು. ಬಂದದ್ದು ಅವಳಿಗೇ ಅಚ್ಚರಿ. ಅತ್ತೆ ಹಿತ್ತಲಲ್ಲಿ ಇದ್ದಿಲು ಹೆಕ್ಕಿ ಬುಟ್ಟಿಗೆ ತುಂಬುತ್ತಿದ್ದಳು. ಸೊಸೆ ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಕ್ಕಾ, ಒಂದು ಕೇಳ್ಲಾ? ಈ ಕೆಲಸ ಕಲಿಯೋಕೆ ಎಷ್ಟು ದಿನ ಬೇಕು?"

"ದಿನ ಅಲ್ಲ, ವರ್ಷ ಅಂತ ಕೇಳು. ನಮ್ಮಲ್ಲಿ ಎರಡು ವರ್ಷ. ಅರ್ಧ ಪಾಠ, ಅರ್ಧ ಕೈಕೆಲಸ. ಆಮೇಲೆ ಒಂದು ವರ್ಷ ಅನುಭವ ಇರೋರ ಕೈಕೆಳಗೆ. ಆಮೇಲೆ ಲೈಸೆನ್ಸ್ ಪರೀಕ್ಷೆ. ಕೆಲವು ಕಡೆ ಒಟ್ಟು ನಾಲ್ಕೈದು ವರ್ಷ ಹಿಡಿಸೋದೂ ಇದೆ."

"ಮೂರು ತಿಂಗಳಲ್ಲಿ ಕಲಿಸ್ತೀವಿ ಅಂತ ಗೋಡೆ ಮೇಲೆಲ್ಲ ಅಂಟಿಸಿದಾರಲ್ಲ?"

"ಮೂರು ತಿಂಗಳಲ್ಲಿ ಸಾಮಾನು ಎತ್ತಿ ಕೊಡೋದು ಕಲೀಬಹುದು. ಸಹಾಯಕಿಯಾಗಬಹುದು, ಅದೂ ತಪ್ಪಲ್ಲ. ಬೋರ್ಡು ಬಿಚ್ಚೋ ಅಧಿಕಾರ ಅದರಿಂದ ಬರಲ್ಲ."

"ಸಂಪಾದನೆ?"

"ಸುಳ್ಳು ಹೇಳಲ್ಲ ಕಣಮ್ಮಾ. ಸಹಾಯಕರಿಗೆ ಸಿಗೋದು ಮರಳು ಹೊರೋರಿಗೆ ಸಿಗೋ ಅಷ್ಟೇ. ಕಲಿಯೋ ಎರಡು ವರ್ಷ ಕೈಗೆ ಏನೂ ಬರಲ್ಲ. ಮೂರನೇ ವರ್ಷ ಸ್ವಲ್ಪ ಕೊಡ್ತಾರೆ, ಕೈಖರ್ಚಿಗೆ ಆಗುತ್ತೆ, ಮನೆಗೆ ಆಗಲ್ಲ. ಲೈಸೆನ್ಸ್ ಬಂದ ಮೇಲೆ ನಮ್ಮ ಕಡೆ ದಿನದ ಕೂಲಿ ಸಹಾಯಕರ ಎರಡರಷ್ಟು. ನಾಲ್ಕಾರು ವರ್ಷ ಹೆಸರು ಗಳಿಸಿ ಸ್ವಂತ ಕೆಲಸ ಹಿಡಿದ್ರೆ ಮೂರರಷ್ಟೂ ಆಗಬಹುದು. ಕಾರ್ಖಾನೆ ಸೇರಿದ್ರೆ ತಿಂಗಳ ಸಂಬಳ, ರಜೆ. ಕೆಲಸ ಇಲ್ಲದ ತಿಂಗಳೂ ಇರುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿ."

"ಅವರಿಗೆ ಅಷ್ಟೆಲ್ಲ ಬರ್ತಿರಲಿಲ್ಲ."

"ಲೈಸೆನ್ಸ್ ಇತ್ತಾ?"

ಸೊಸೆ ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ? ದೊಡ್ಡ ಕಟ್ಟಡದ ಕೆಲಸಕ್ಕೆ ಸಹಿ ಹಾಕೋ ಹಕ್ಕು ಅವನಿಗಿಲ್ಲ. ಸಹಿ ಹಾಕಿದ ಕಂಟ್ರಾಕ್ಟರು ದುಡ್ಡು ಜೇಬಿಗಿಟ್ಟು ಇವನ ಕೈಗೆ ಕೂಲಿ ಇಟ್ಟ. ಏಣಿ ಹೊತ್ತ ಮೊದಲ ವರ್ಷದ ಕೂಲಿನೇ ಕೊನೆವರೆಗೂ, ಅಲ್ವಾ?"

ಹಿಂದಿನಿಂದ ಇದ್ದಿಲಿನ ಬುಟ್ಟಿ ಧೊಪ್ಪನೆ ನೆಲಕ್ಕೆ ಬಿತ್ತು.

"ಏನು ವಿಚಾರಣೆ ನಡೀತಾ ಇದೆ?" ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ನನ್ನ ಮಗನ ಕೂಲಿ ಅಳೆಯೋಕೆ ಬಂದ್ರಾ ಮೇಡಮ್ಮೋರೇ? ಒಂದು ಮಳೆಗಾಲದಲ್ಲಿ ಕಲಿತ ಅವನು! ನಿಮ್ಮ ಎರಡು ವರ್ಷದ ಹುಡುಗರು ಅವನಷ್ಟು ನೇರ ತಂತಿ ಎಳೀಲಿ ನೋಡೋಣ."

"ಎಳೆದದ್ದು ಚೆನ್ನಾಗೇ ಇದೆ ದೊಡ್ಡಮ್ಮಾ..."

"ಇವಳಿಗೆ ಕಲೀಬೇಕಂತಾ? ಕಲೀಲಿ, ಕಲೀಲಿ. ಸ್ವಿಚ್ ಯಾವಾಗ ಹಾಕಬೇಕು ಅಂತ ಇವಳಿಗೆ ಆಗಲೇ ಚೆನ್ನಾಗಿ ಗೊತ್ತು. ಗಂಡ ಮೇಲಿದ್ದಾಗ ಹಾಕಿದವಳು. ಆ ಕೈಗೆ ಸರ್ಟಿಫಿಕೇಟ್ ಬೇರೆ ಕೊಡಿ ನೀವು!"

ಸೊಸೆಯ ಬಲಗೈ ಸೆರಗಿನೊಳಗೆ ಹೋಯಿತು.

ಫ್ಯೂಸಮ್ಮನಿಗೆ ಎಂದಿನ ಸಿಟ್ಟು ಬರಲಿಲ್ಲ. ಅವಳು ಗೋಡೆಯನ್ನು ನೋಡುತ್ತಿದ್ದಳು. ಮೀಟರಿನಿಂದ ಬೋರ್ಡಿಗೆ, ಬೋರ್ಡಿನಿಂದ ಹೋಲ್ಡರಿಗೆ, ತಂತಿ ಹೋದ ದಾರಿಯನ್ನೆಲ್ಲ ಕಣ್ಣಲ್ಲೇ ಹಿಂಬಾಲಿಸಿದಳು.

"ದೊಡ್ಡಮ್ಮಾ, ಈ ಮನೆ ವೈರಿಂಗ್ ಯಾರು ಮಾಡಿದ್ದು?"

"ಅವನೇ. ಇನ್ಯಾರು ಮಾಡ್ತಾರೆ?"

"ಎಲ್ಲಾ ಒಂದೇ ಬಣ್ಣ."

"ಹೂಂ. ಈ ಬೀದೀಲಿ ಎಲ್ಲರ ಮನೆಯೂ ಹೀಗೇ."

ಫ್ಯೂಸಮ್ಮ ಕೋಟಿನ ಗಂಟು ಎತ್ತಿಕೊಂಡಳು. ಹೊಸ್ತಿಲ ಬಳಿ ನಿಂತಳು, ಏನೋ ಹೇಳಲು ಬಾಯಿ ತೆರೆದಳು, ಹೇಳದೆ ಹೋದಳು. ತಿಳಿದವರ ಕಷ್ಟ ಅದು. ತಿಳಿದದ್ದನ್ನು ಹೇಳಿದರೆ ಒಬ್ಬಳ ಎದೆಯ ಕಲ್ಲು ಇಳಿಯುತ್ತದೆ. ಅದೇ ಕಲ್ಲನ್ನು ಇನ್ನೊಬ್ಬಳ ಎದೆಯ ಮೇಲೆ ಇಡಬೇಕಾಗುತ್ತದೆ. ಆ ವಾರವೆಲ್ಲ ಅವಳು ದೇವರ ಮುಂದೆ ಕೂತು ಕೇಳಿದ್ದು ಒಂದೇ: ಹೇಳಲೋ ಬೇಡವೋ. ದೇವರು ಎಂದಿನಂತೆ ಸುಮ್ಮನಿದ್ದ. ಆದರೆ ಅವಳಿಗೆ ಆ ಬೀದಿಯ ಉಳಿದ ಮನೆಗಳು ನೆನಪಾದವು. ಅಲ್ಲಿಗೆ ಅವಳ ಪ್ರಶ್ನೆ ಮುಗಿಯಿತು.

ಮುಂದಿನ ವಾರ ಅವಳು ಕೋಟುಗಳ ಜೊತೆ ಒಂದು ಚೀಲವನ್ನೂ ತಂದಳು. ಹೊಸ ಫ್ಯೂಸು, ಬಲ್ಬು, ರಬ್ಬರ್ ಕೈಗವಸು, ಒಂದು ಟೆಸ್ಟರು.

"ಏನಿದು?" ಅತ್ತೆ ಮೀಟರಿನ ಮುಂದೆ ಕೈ ಅಡ್ಡ ಹಿಡಿದು ನಿಂತಳು. "ನನ್ನ ಹೆಣ ದಾಟಿ ಹಾಕಿ ಅದನ್ನ."

"ಒಂದೇ ಸಲ ದೊಡ್ಡಮ್ಮಾ. ನೋಡಿದ ಮೇಲೆ ಬೇಡ ಅಂದ್ರೆ ನಾನೇ ಕಿತ್ಕೊಂಡು ಹೋಗ್ತೀನಿ."

"ಏನು ನೋಡೋದಿದೆ? ನಾನು ಕಣ್ಣಾರೆ ನೋಡಿದ್ದೀನಿ."

"ಸ್ವಿಚ್ಚಿನ ಮೇಲೆ ಸೊಸೆ ಕೈ ಬೇಡ, ನನ್ನ ಕೈಯೂ ಬೇಡ. ನಿಮ್ಮ ಕೈ ಇರಲಿ. ನಿಮ್ಮ ಕೈಯನ್ನ ನೀವು ನಂಬ್ತೀರಲ್ಲ?"

ಮುದುಕಿ ಅಡ್ಡ ಹಿಡಿದ ಕೈ ತಾನಾಗಿ ಇಳಿಯಿತು.

ಫ್ಯೂಸಮ್ಮ ಫ್ಯೂಸು ಕೂರಿಸಿದಳು. ಸೊಸೆಯಿಂದ ನೆಲ ಒರೆಸಿಸಿ, ಒಣಗಿದ ಮೇಲೆ ಮರದ ಸ್ಟೂಲು ಇಟ್ಟಳು. ಹೋಲ್ಡರಿಗೆ ಬಲ್ಬು ಹಾಕಿದಳು. "ಹಾಕಿ ದೊಡ್ಡಮ್ಮಾ" ಎಂದಳು.

ಅತ್ತೆ ಕಣ್ಣು ಮುಚ್ಚಿಕೊಂಡೇ ಒತ್ತಿದಳು. ಬೆಳಕು ಬಂತು. ವರ್ಷದಿಂದ ಇದ್ದಿಲು ಕುಡಿದ ಗೋಡೆಗಳು ಎಷ್ಟು ಕಪ್ಪಾಗಿವೆ ಎಂದು ಆಗಲೇ ಅವರಿಗೆ ಕಂಡದ್ದು.

"ಈಗ ಆರಿಸಿ."

ಬಲ್ಬು ಆರಿತು.

"ಆರಿಸಿದ್ರಾ?"

"ಆರಿಸಿದೆ. ಕಾಣ್ತಾ ಇಲ್ವಾ?"

"ಕೈ ಅಲ್ಲೇ ಇರಲಿ. ಅಲ್ಲಾಡಿಸಬೇಡಿ." ಫ್ಯೂಸಮ್ಮ ಕೈಗವಸು ಹಾಕಿಕೊಂಡು ಬಲ್ಬು ಬಿಚ್ಚಿದಳು. ಖಾಲಿ ಹೋಲ್ಡರಿನೊಳಗೆ ಟೆಸ್ಟರಿನ ತುದಿ ಇಟ್ಟು, ಅದರ ಹಿಂಬದಿ ಮುಟ್ಟಲು ಒಂದು ಕೈಯ ಗವಸು ತೆಗೆದಳು. "ಇದರಲ್ಲಿ ಕೆಂಪು ಕಂಡ್ರೆ ಕರೆಂಟ್ ಇದೆ ಅಂತ. ನೋಡಿ."

ಟೆಸ್ಟರಿನೊಳಗೆ ಕೆಂಪಗೆ ಒಂದು ಚುಕ್ಕೆ ಹತ್ತಿತು.

ಅತ್ತೆ ಆ ಚುಕ್ಕೆಯನ್ನು ನೋಡಿದಳು. ತನ್ನ ಬೆರಳ ಕೆಳಗಿನ ಸ್ವಿಚ್ಚನ್ನು ನೋಡಿದಳು. ಮತ್ತೆ ಚುಕ್ಕೆಯನ್ನು ನೋಡಿದಳು.

"ನಾನು ಹಾಕಿಲ್ಲ" ಎಂದಳು. ಆ ದನಿ ಮುದುಕಿಯದಲ್ಲ, ತಪ್ಪು ಹೊರಿಸಲ್ಪಟ್ಟ ಮಗುವಿನದು. "ನಾನು ಹಾಕಿಲ್ಲ ತಾಯೀ, ನೋಡು, ಆರಿಸಿಯೇ ಇದೆ."

"ಗೊತ್ತು ದೊಡ್ಡಮ್ಮಾ. ಅವಳೂ ಹಾಕಿರಲಿಲ್ಲ."

ಫ್ಯೂಸಮ್ಮ ಇಡೀ ಮನೆಯ ಕರೆಂಟ್ ನಿಲ್ಲಿಸುವ ಮೇನ್ ಸ್ವಿಚ್ ಆರಿಸಿ ಬಂದು, ನೆಲದ ಮೇಲೇ ಕೂತಳು. ಅತ್ತೆಯ ಕೈಯನ್ನು ಸ್ವಿಚ್ಚಿನಿಂದ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡಳು.

"ದೀಪಕ್ಕೆ ಎರಡು ತಂತಿ. ಒಂದರಲ್ಲಿ ಕರೆಂಟ್ ಬರುತ್ತೆ, ಒಂದರಲ್ಲಿ ವಾಪಸ್ ಹೋಗುತ್ತೆ. ಸ್ವಿಚ್ಚನ್ನ ಬರೋ ತಂತಿಗೆ ಹಾಕಬೇಕು. ಇಲ್ಲಿ ಹೋಗೋ ತಂತಿಗೆ ಹಾಕಿದೆ. ಹಿಂದಿನ ಬಾಗಿಲು ಮುಚ್ಚಿದ್ದೀವಿ, ಮುಂದಿನದು ತೆರೆದೇ ಇದೆ. ದೀಪ ಆರುತ್ತೆ. ಆದರೆ ಬಂದದ್ದು ಒಳಗೇ ನಿಂತಿರುತ್ತೆ."

"ಅವನಿಗೆ ಅದು ಗೊತ್ತಿರಲಿಲ್ವಾ?"

"ಗೊತ್ತಾಗೋದು ಹೇಗೆ? ಹೇಗೆ ಹಾಕಿದ್ರೂ ದೀಪ ಹತ್ತುತ್ತೆ, ಹೇಗೆ ಹಾಕಿದ್ರೂ ಆರುತ್ತೆ. ನೋಡಿ ಕಲಿತವನಿಗೆ ಕಂಡದ್ದು ದೀಪ. ತಂತಿಗೆ ಬಣ್ಣ ಬೇರೆ ಬೇರೆ ಇರೋದು ಅಂದಕ್ಕಲ್ಲ ದೊಡ್ಡಮ್ಮಾ, ಯಾವುದು ಯಾವುದು ಅಂತ ತಿಳಿಯೋಕೆ. ಮೇನ್ ಆರಿಸಿ, ಟೆಸ್ಟರ್ ಇಟ್ಟು ನೋಡಿ, ಆಮೇಲೇ ಕೈ ಹಾಕು ಅಂತ ನಾವು ದಿನಾ ಬಾಯಿಪಾಠ ಮಾಡಿಸ್ತೀವಿ. ಅದನ್ನ ಅವನಿಗೆ ಹೇಳೋರು ಯಾರೂ ಇರಲಿಲ್ಲ. ಆ ಎರಡು ವರ್ಷ ನಾವು ಕಲಿಸೋದು ಕಣ್ಣಿಗೆ ಕಾಣದ್ದನ್ನ."

"ಬಿಳಿ ತಂತಿ ತಾ ಅಂತ ಮೊದಲು ಹೇಳಿದ್ದು ನಾನು." ಅತ್ತೆ ಗೋಡೆಯನ್ನು ನೋಡುತ್ತ ಹೇಳಿದಳು. "ಮೊದಲು ಮಾಡಿದ್ದು ಈ ಮನೆ. ಕೆಂಪು ತಂತಿ ಸುರುಳಿ ತಂದಿದ್ದ. ಥೂ, ಚೆನ್ನಾಗಿ ಕಾಣಲ್ಲ, ವಾಪಸ್ ಕೊಡು ಅಂದೆ. ಅಮ್ಮ ಹೇಳಿದ್ದು ಅಂತ ಹೋಗಿ ಕೊಟ್ಟು ಬಂದ."

ಇರುವ ಮಾತೆಲ್ಲ ಹೇಳಿದರೂ ಕೆಲವು ಸತ್ಯಗಳು ಹಗುರಾಗುವುದಿಲ್ಲ.

ಸೊಸೆ ಮೇಜಿನ ಪಕ್ಕ ನಿಂತೇ ಇದ್ದಳು. "ಹಾಗಾದ್ರೆ ನಾನಲ್ಲ" ಎಂದಳು. ಮತ್ತೆ, ಯಾರನ್ನೋ ಕೇಳುವವಳಂತೆ, "ನಾನಲ್ವಾ?" ಎಂದಳು. ನಿರಾಳವಾಯಿತೇ ಎಂದರೆ, ಇಲ್ಲ. ಇಷ್ಟು ದಿನ ದುಃಖಕ್ಕೆ ಒಂದು ಜಾಗವಿತ್ತು, ತನ್ನದೇ ಕೈ. ಈಗ ಅದಕ್ಕೂ ಜಾಗವಿಲ್ಲದಂತಾಯಿತು. ಗಂಡ ಇಷ್ಟು ಸುಲಭವಾಗಿ ಉಳಿಯಬಹುದಿತ್ತು ಎಂಬುದೊಂದು ಹೊಸದಾಗಿ ಬಂದು ಕೂತಿತು.

ಅತ್ತೆ ಕ್ಷಮಿಸು ಎನ್ನಲಿಲ್ಲ. ವರ್ಷದ ಮಾತುಗಳ ಮುಂದೆ ಆ ಒಂದು ಮಾತು ಬಹಳ ಚಿಕ್ಕದು ಎಂದು ಅವಳಿಗೂ ತಿಳಿದಿತ್ತೇನೋ. ಅವಳು ಹೇಳಿದ್ದು ಬೇರೆ.

"ಮೇಡಮ್ಮೋರೇ, ಇವಳು ಹತ್ತನೇ ಕ್ಲಾಸು ಪಾಸಾಗಿದಾಳೆ. ನಿಮ್ಮಲ್ಲಿ ತಗೋತೀರಾ?"

"ತಗೋತೀವಿ. ಹೆಂಗಸರಿಗೆ ಅಂತಲೇ ಕೆಲವು ಸೀಟುಗಳೂ ಇವೆ. ಆದರೆ ನಾನು ಹೇಳಿದ್ದು ನೆನಪಿದೆಯಲ್ಲ? ಎರಡು ವರ್ಷ ಇವಳ ಕೈಯಿಂದ ಮನೆಗೆ ಏನೂ ಬರಲ್ಲ."

"ಇಸ್ತ್ರಿ ನಾನು ಹಾಕ್ತೀನಿ."

"ಇಷ್ಟೊಂದು ಬಟ್ಟೆ, ಒಬ್ಬರೇ?"

"ಅರ್ಧ ಹಾಕ್ತೀನಿ. ಅರ್ಧ ಉಣ್ತೀವಿ. ಎರಡಲ್ಲ, ಮೂರೇ ವರ್ಷ ಆಗಲಿ. ಪೂರ್ತಿ ಕಲಿಸಿ. ಅರ್ಧಂಬರ್ಧ ಕಲಿತದ್ದನ್ನ ನಾನು ಮಣ್ಣು ಮಾಡಿ ಬಂದಿದ್ದೀನಿ."

"ನನಗೆ ಬೋರ್ಡು ನೋಡಿದ್ರೇ ಕೈ ನಡುಗುತ್ತೆ ಅಕ್ಕಾ" ಎಂದಳು ಸೊಸೆ.

"ನಡುಗಲಿ ಬಿಡು. ಧೈರ್ಯದ ಕೈಗಳನ್ನೆಲ್ಲ ನಾನು ಆಸ್ಪತ್ರೇಲಿ ನೋಡಿದ್ದೀನಿ."

ಫ್ಯೂಸಮ್ಮ ಚೀಲ ಕಟ್ಟಿಕೊಂಡು ಎದ್ದಳು. "ದೊಡ್ಡಮ್ಮಾ, ಇನ್ನೊಂದಿದೆ. ಈ ಬೀದಿ..."

"ಗೊತ್ತು" ಎಂದಳು ಅತ್ತೆ. ಅವಳು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಮೊದಲು ಹೋದದ್ದು ಬೇಕರಿಯವನ ಮನೆಗೆ. ಅವನು ಮೈದಾ ಹತ್ತಿದ ಕೈಯಲ್ಲೇ ಬಾಗಿಲಿಗೆ ಬಂದ.

"ನನ್ನ ಮಗ ನಿಮ್ಮ ಮನೇಲಿ ತಂತಿ ತಪ್ಪು ಹಾಕಿರಬಹುದು ಕಣಪ್ಪ. ಸ್ವಿಚ್ ಆರಿಸಿದ್ರೂ ಕರೆಂಟ್ ಇರುತ್ತೆ. ತಿಳಿದೋರನ್ನ ಕರೆದು ತೋರಿಸು. ಅಲ್ಲೀವರೆಗೆ ಹೋಲ್ಡರ್ ಮುಟ್ಟಬೇಡ."

ಬೇಕರಿಯವನು ನಕ್ಕುಬಿಟ್ಟ. "ಅಜ್ಜೀ, ನಿಮ್ಮ ಮಗ ಹಾಕಿದ ದೀಪ ಇವತ್ತಿಗೂ ಒಂದು ಸಲ ಮಿಣುಕಿಲ್ಲ. ಕೈ ಅಂದ್ರೆ ಕೈ ಅವನದು. ಒಳಗೆ ಬನ್ನಿ, ಬಿಸಿ ಬ್ರೆಡ್ ಇದೆ."

"ಬ್ರೆಡ್ ಬೇಡಪ್ಪ. ಮೇನ್ ಆರಿಸು."

"ಮೇನ್ ಆರಿಸಿದ್ರೆ ಹಿಟ್ಟು ಯಾರು ಕಲಸ್ತಾರೆ, ನೀವು ಬರ್ತೀರಾ?" ಎಂದು ಅವನು ನಗುತ್ತಲೇ ಒಳಗೆ ಹೋದ.

ಹೊಲಿಗೆಯವಳು ನಗಲಿಲ್ಲ. ಮಿಷನ್ ನಿಲ್ಲಿಸಿ, ಮುದುಕಿಯನ್ನೂ ಹಿಂದೆ ನಿಂತ ಸೊಸೆಯನ್ನೂ ಮೇಲಿಂದ ಕೆಳಗೆ ನೋಡಿದಳು.

"ಇದನ್ನ ಇವಳೇ ಹೇಳಿಕೊಟ್ಟಳಾ?"

"ಇಲ್ಲಮ್ಮಾ. ನನ್ನ ಕಣ್ಣಲ್ಲೇ ನೋಡಿದೆ. ಇವಳದೇನೂ ತಪ್ಪಿಲ್ಲ."

"ಅಲ್ಲ, ವರ್ಷವೆಲ್ಲ ನೀವೇ ಹೇಳಿದ್ರಲ್ಲ ನಲ್ಲಿ ಹತ್ರ, ಇವಳೇ ಸ್ವಿಚ್ ಹಾಕಿ ಕೊಂದಳು, ಕಣ್ಣಲ್ಲೇ ನೋಡಿದೆ ಅಂತ? ಆಗಿನ ಕಣ್ಣು ಯಾವುದು, ಈಗಿನ ಕಣ್ಣು ಯಾವುದು? ಸತ್ತ ಮಗನ ಮೇಲೆ ಹೊರೆ ಹಾಕಿ ಸೊಸೇನ ತೊಳೀತಾ ಇದೀರಾ? ಪಾಪ ಬರುತ್ತೆ ಅಜ್ಜೀ, ಮನೆಗೆ ಹೋಗಿ ಮಲಗಿ."

ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳು ಮನೆಮನೆಗೂ ಹಂಚಿದ್ದ ಮಾತು ಮನೆಮನೆಯಲ್ಲೂ ಬೇರು ಬಿಟ್ಟಿತ್ತು. ಈಗ ಅದನ್ನು ಕೀಳಲು ಅವಳ ಕೈಯಲ್ಲಿ ಬಲವಿರಲಿಲ್ಲ. ಸೊಸೆ ಅವಳ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದಳು.

"ಅತ್ತೇ, ಸಾಕು. ಇವತ್ತಿಗೆ ಸಾಕು."

"ಇನ್ನೂ ಮನೆಗಳಿವೆ ಕಣೇ."

ಹೀಗೆ ಬಾಗಿಲಿಂದ ಬಾಗಿಲಿಗೆ. ಕೆಲವರು ಹೂಂ ಎಂದರು, ಏನೂ ಮಾಡಲಿಲ್ಲ. ಕೆಲವರು ಮಗ ಹೋದ ದುಃಖಕ್ಕೆ ಮುದುಕಿಯ ತಲೆ ಕೆಟ್ಟಿದೆ ಎಂದು ಕನಿಕರಪಟ್ಟರು. ಇಬ್ಬರು ಬಾಗಿಲೇ ತೆರೆಯಲಿಲ್ಲ. ಸೈಕಲ್ ರಿಪೇರಿಯವನೊಬ್ಬ ಮಾತ್ರ ಕೈಲಿದ್ದ ಸ್ಪ್ಯಾನರು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ನಮ್ಮವಳು ಬಚ್ಚಲ ದೀಪ ಒರೆಸುವಾಗೆಲ್ಲ ಕೈ ಜುಮ್ಮೆನ್ನುತ್ತೆ ಅಂತಾಳೆ. ಸ್ವಿಚ್ ಆರಿಸಿದೆಯಲ್ಲ, ನಿನ್ನ ಭ್ರಮೆ ಅಂತ ನಾನು ಬೈತಿದ್ದೆ." ಅವನ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಮೇನ್ ಆರಿಸಿದ. ಮರುದಿನ ಫ್ಯೂಸಮ್ಮನ ಕೇಂದ್ರದಿಂದ ಲೈಸೆನ್ಸ್ ಇರುವವರು ಬಂದು ನೋಡಿದಾಗ ಆ ಬಚ್ಚಲ ದೀಪದಲ್ಲೂ ಅದೇ ತಪ್ಪು ಸಿಕ್ಕಿತು.

ಸೊಸೆ ತರಬೇತಿಗೆ ಸೇರಿದ್ದಾಳೆ. ಇನ್ನೂ ಮೊದಲನೇ ವರ್ಷ. ದುಡಿಮೆ ಬರಲು ಬಹಳ ದೂರವಿದೆ. ಮನೆಯಲ್ಲಿ ಒಲೆ ಹತ್ತದ ಹೊತ್ತುಗಳೂ ಇವೆ. ಅತ್ತೆ ಬೆಳಿಗ್ಗೆ ಕೋಟು ತಿಕ್ಕುತ್ತಾಳೆ, ಮಧ್ಯಾಹ್ನ ಯಾವುದಾದರೂ ಒಂದು ಮನೆಯ ಮುಂದೆ ಹೋಗಿ ನಿಲ್ಲುತ್ತಾಳೆ. ಕಂಡವರು ದಾರಿ ಬದಲಿಸಿ ಹೋಗುತ್ತಾರೆ. ತನ್ನ ಹೊಟ್ಟೆಯಲ್ಲಿ ಹುಟ್ಟಿದವನ ತಪ್ಪನ್ನು ತನ್ನ ಬಾಯಿಂದಲೇ ಸಾರಿ ಹೇಳುವ ಕೆಲಸವನ್ನು ದೇವರು ಯಾವ ತಾಯಿಗೂ ಕೊಡದಿರಲಿ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲಿ ಒಂದು ಪ್ರಾರ್ಥನೆ. ನಿಮ್ಮ ಮನೆಯ ತಂತಿ ಯಾರು ಎಳೆದರು? ಅವರು ಎಲ್ಲಿ ಕಲಿತರು? ಗೊತ್ತಿಲ್ಲವಾದರೆ, ಲೈಸೆನ್ಸ್ ಇರುವವರನ್ನು ಕರೆದು ಒಮ್ಮೆ ತೋರಿಸಿ. ದೀಪ ಆರಿತೆಂದು ನಂಬಿ ಹೋಲ್ಡರಿಗೆ ಕೈ ಹಾಕಬೇಡಿ. ಕೈ ಜುಮ್ಮೆನ್ನುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಬೈಯಬೇಡಿ, ಮೇನ್ ಆರಿಸಿ.

ನಿಮ್ಮ ಮಗನೋ ಮಗಳೋ ಸೊಸೆಯೋ ಈ ಕೆಲಸ ಹಿಡಿಯುವುದಾದರೆ ಸಂತೋಷ; ಒಳ್ಳೆಯ ಕೆಲಸ, ಗೌರವದ ಅನ್ನ. ಆದರೆ ಏಣಿ ಹೊರಿಸಿ ಕಳಿಸಬೇಡಿ, ಕಲಿಸಿ ಕಳಿಸಿ. ಹತ್ತಿರದ ಸರ್ಕಾರಿ ಅಥವಾ ಮಾನ್ಯತೆ ಇರುವ ತರಬೇತಿ ಕೇಂದ್ರಕ್ಕೆ ಹೋಗಿ ಬಾಯಿಬಿಟ್ಟು ಕೇಳಿ: ಎಷ್ಟು ವರ್ಷ, ಪ್ರಮಾಣಪತ್ರಕ್ಕೆ ಬೆಲೆ ಇದೆಯೇ, ಅನುಭವಿಗಳ ಕೈಕೆಳಗೆ ಕೆಲಸ ಕೊಡಿಸುತ್ತೀರಾ, ಲೈಸೆನ್ಸ್ ಬಂದ ಮೇಲೆ ನಿಮ್ಮ ಕಡೆ ಕೂಲಿ ಎಷ್ಟಿದೆ. ಊರಿಂದ ಊರಿಗೆ ಉತ್ತರ ಬೇರೆಯಾದೀತು. ಎರಡು ಮೂರು ವರ್ಷ ಬಹಳವಾಯಿತು ಎಂದು ಅನ್ನಿಸಿದರೆ, ಬೀದಿಯಲ್ಲಿ ಬಾಗಿಲು ತಟ್ಟುತ್ತ ನಡೆಯುವ ಆ ತಾಯಿಯನ್ನು ಕೇಳಿ ನೋಡಿ.

ಅವಳು ನಿಮ್ಮ ಬಾಗಿಲಿಗೂ ಬಂದಾಳು. ದಯವಿಟ್ಟು ತೆರೆಯಿರಿ.